ಘಟಪ್ರಭೆಯ ಸೀಮೆಯನ್ನು ಓದಿದವರು

ಗೋಕಾಕಕ್ಕೂ ಮೂಡಲಗಿಗೂ ನಡುವೆ ಇರುವ ಕಲ್ಲೋಳಿಯ ಹೆಸರು ಅಲ್ಲಿಯ ರಟ್ಟ ದೊರೆಗಳ ಕಾಲದ ಶಾಸನದಲ್ಲಿ ‘ಕಲ್ಪೊಳೆ’ ಎಂದಿದೆ. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು. ಪಾಲು ಹಾಲಾದಂತೆ ಪೊಳೆ ಹೊಳೆಯಾಯಿತು, ಕಲ್ಪೊಳೆ ಕಲ್ಹೊಳಿಯಾಗಿ ಜನರ ಬಾಯಲ್ಲಿ ಕಲ್ಲೋಳಿ ಎಂದು ನಿಂತಿತು. ಈ ಶಾಸನ ತನ್ನ ದಿನವನ್ನು ಪಂಚಾಂಗ ಬಿಚ್ಚಿಟ್ಟಂತೆ ಹೇಳುತ್ತದೆ: ಶಕ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ಶನಿವಾರ, ಉತ್ತರಾಯಣ ಸಂಕ್ರಮಣ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ ಎಂಬ ಶಾಲೆಯ ಲೆಕ್ಕ ಹಿಡಿದು ಹೊರಟರೆ ಇದು 1205 ಆಗಬೇಕು. ಆದರೆ ಅರವತ್ತು ವರ್ಷಗಳ ಚಕ್ರದಲ್ಲಿ ರಕ್ತಾಕ್ಷಿ ಬೀಳುವುದು 1204ಕ್ಕೆ. 1984ರಲ್ಲಿಯೂ ರಕ್ತಾಕ್ಷಿಯೇ ಇತ್ತು, ಅಲ್ಲಿಂದ ಅರವತ್ತರ ಹದಿಮೂರು ಸುತ್ತು ಹಿಂದೆ ಬಂದರೆ 1204. ಹಾಗಾದರೆ ಕಲ್ಲು ಕೆತ್ತಿದವನು ತಪ್ಪಿದನೇ? ಇಲ್ಲ. ಶಾಸನಗಳಲ್ಲಿ ಕೆಲವು ಕಳೆದುಹೋದ ವರ್ಷವನ್ನು ಎಣಿಸುತ್ತವೆ, ಕೆಲವು ನಡೆಯುತ್ತಿರುವ ವರ್ಷವನ್ನು. ಕಲ್ಲೋಳಿಯದು ನಡೆಯುತ್ತಿದ್ದ ವರ್ಷ. ತಿಥಿ, ವಾರ, ಸಂಕ್ರಮಣ ಮೂರೂ ಕೂಡಿ ಬರುವ ದಿನ 1204ರ ಡಿಸೆಂಬರ್ 25, ಶನಿವಾರ.

ಈಗ ಜನವರಿ 14 ಅಥವಾ 15ಕ್ಕೆ ಬರುವ ಸಂಕ್ರಾಂತಿ ಆಗ ಡಿಸೆಂಬರ್ 25ಕ್ಕೆ ಬಂದದ್ದು ವಿಚಿತ್ರವಲ್ಲ. ಯುರೋಪಿನ ಹಳೆಯ ಜೂಲಿಯನ್ ಕ್ಯಾಲೆಂಡರಿಗೂ ಈಗಿನದಕ್ಕೂ ಇರುವ ವ್ಯತ್ಯಾಸ ಒಂದಿಷ್ಟು, ನಕ್ಷತ್ರವನ್ನು ಹಿಡಿದು ಎಣಿಸುವ ನಮ್ಮ ಸೌರವರ್ಷ ತುಸು ಉದ್ದವಿರುವುದರಿಂದ ಶತಮಾನಗಳಲ್ಲಿ ಕೂಡಿದ ದಿನಗಳು ಒಂದಿಷ್ಟು. ಒಂದು ಹಳ್ಳಿಯ ಕಲ್ಲಿನ ನಾಲ್ಕು ಪದಗಳನ್ನು ಓದಲು ಇಷ್ಟು ಲೆಕ್ಕ ಬೇಕಾಗುತ್ತದೆ. ಏಷ್ಯಾದ ಜನಗಳ ಚರಿತ್ರೆ, ರಾಜಕೀಯ, ಸಮಾಜಗಳನ್ನು ಅಭ್ಯಾಸ ಮಾಡುವ ವಿದ್ಯೆಗೆ ಹಿಂದೆ ಪ್ರಾಚ್ಯವಿದ್ಯೆ ಎನ್ನುತ್ತಿದ್ದರು, ಈಗ ಏಷ್ಯಾ ಅಧ್ಯಯನ ಎನ್ನುತ್ತಾರೆ. ದೊಡ್ಡ ಹೆಸರಿನ ಈ ವಿದ್ಯೆಯ ದಿನನಿತ್ಯದ ಕೆಲಸ ಬಹುಪಾಲು ಇಂಥದ್ದೇ.

ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ 1784ರಲ್ಲಿ ಏಷಿಯಾಟಿಕ್ ಸೊಸೈಟಿ ಕಟ್ಟಿದಾಗ ಅಲ್ಲಿಯ ಪಂಡಿತರ ಕಣ್ಣು ಸಂಸ್ಕೃತದ ಮೇಲಿತ್ತು. ಮುಂಬಯಿಯಲ್ಲಿ 1804ರಲ್ಲಿ ಹುಟ್ಟಿದ ಸಾಹಿತ್ಯ ಸಭೆ ಮುಂದೆ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯಾಯಿತು. ಬೆಳಗಾವಿ ಸೀಮೆಯ ಕನ್ನಡ ಕಲ್ಲುಗಳು ವಿದ್ವತ್ತಿನ ಜಗತ್ತಿಗೆ ಕಾಲಿಟ್ಟದ್ದು ಮುಖ್ಯವಾಗಿ ಈ ಶಾಖೆಯ ಬಾಗಿಲಿನಿಂದ. ಆದರೆ ಅದಕ್ಕೂ ಮುಂಚೆ ಈ ಕೆಲಸಕ್ಕೆ ಕೈ ಹಾಕಿದವನು ವಾಲ್ಟರ್ ಎಲಿಯಟ್. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕೈಗೆ ಸೆರೆ ಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಇವನೊಬ್ಬ. ಬಿಡುಗಡೆಯಾದ ಮೇಲೆ ಇದೇ ನಾಡಿನಲ್ಲಿ ಅಧಿಕಾರ ನಡೆಸುತ್ತ, ಹಳಗನ್ನಡ ಬಲ್ಲವರ ನೆರವಿನಿಂದ ಊರೂರಿನ ಶಾಸನಗಳ ಪ್ರತಿ ಮಾಡಿಸಿದ. 595 ಶಾಸನಗಳ ಆ ಸಂಗ್ರಹಕ್ಕೆ ‘ಕರ್ನಾಟಕ ದೇಶ ಶಾಸನಗಳು’ ಎಂಬರ್ಥದ ಹೆಸರಿಟ್ಟ. ಕರ್ನಾಟಕ ಎಂಬ ಆಡಳಿತದ ಗಡಿ ಎಲ್ಲಿಯೂ ಇಲ್ಲದ ಕಾಲದಲ್ಲಿ ಇಟ್ಟ ಹೆಸರು ಅದು. ನೆರವಾದ ಪಂಡಿತರ ಹೆಸರು ಮಾತ್ರ ಯಾರ ಬಾಯಲ್ಲೂ ಉಳಿಯಲಿಲ್ಲ.

ಎಲಿಯಟ್ ಕೂಡಿಸಿಟ್ಟದ್ದನ್ನು ಶಿಸ್ತಿಗೆ ತಂದವನು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಇಲಾಖೆಯ ನೌಕರಿಗೆ ಬಂದವನು. ಲಂಡನ್ನಿನಲ್ಲಿ ಥಿಯೊಡೋರ್ ಗೋಲ್ಡ್‌ಸ್ಟುಕರನಿಂದ ಸಂಸ್ಕೃತ ಕಲಿತಿದ್ದ, ಕನ್ನಡವನ್ನು ಇಲ್ಲಿ ಕಲಿತ. 1872ರಲ್ಲಿ ದಕ್ಷಿಣ ವಿಭಾಗದ ಶಾಲಾ ತಪಾಸಣಾಧಿಕಾರಿಯಾದ. ಶಾಲೆ ನೋಡಲು ಹೋದ ಊರಿನಲ್ಲಿ ಗುಡಿಯ ಕಲ್ಲನ್ನೂ ನೋಡುವ ಅವಕಾಶ ಈ ನೌಕರಿಯಲ್ಲಿತ್ತು. ಅದೇ ವರ್ಷ ಜೇಮ್ಸ್ ಬರ್ಜೆಸ್ ಮುಂಬಯಿಯಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆ ಆರಂಭಿಸಿದ. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆ 1874ರಲ್ಲಿ ತನ್ನ ಮೊದಲ ಹಂಗಾಮಿಗೆ ಆರಿಸಿಕೊಂಡದ್ದೂ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನೇ. ಮುಂಬಯಿ ಶಾಖೆಯ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ಫ್ಲೀಟ್ ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಶಾಸನಗಳನ್ನು ಒಟ್ಟಿಗೆ ಪ್ರಕಟಿಸಿದ. ಕಲ್ಲೋಳಿಯದೂ ಗೋಕಾಕ ತಾಲ್ಲೂಕಿನ ಕೊಣ್ಣೂರಿನದೂ ಅದರಲ್ಲಿ ಸೇರಿದ್ದವು.

ಕಲ್ಲಿನಿಂದ ಕಾಗದಕ್ಕೆ ಬರುವ ಈ ದಾರಿಯಲ್ಲಿ ಕೈಕೆಲಸವೇ ಹೆಚ್ಚು. ಮೊದಲು ಕಲ್ಲನ್ನು ನೀರು ಹಾಕಿ ಬ್ರಷ್ಷಿನಿಂದ ಉಜ್ಜಬೇಕು. ಎಷ್ಟೋ ಕಲ್ಲುಗಳ ಮೇಲೆ ಪೂಜೆಯ ಎಣ್ಣೆ ಗಟ್ಟಿಕಟ್ಟಿರುತ್ತದೆ, ಹಬ್ಬಕ್ಕೊಮ್ಮೆ ಬಳಿದ ಸುಣ್ಣ ಅಕ್ಷರದ ಗುಳಿ ತುಂಬಿರುತ್ತದೆ. ತೊಳೆದ ಮೇಲೆ ನೆನೆಸಿದ ಕಾಗದ ಹಾಸಿ ಬ್ರಷ್ಷಿನಿಂದ ಬಡಿಯುತ್ತಾರೆ, ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಅರೆ ಆರಿದ ಮೇಲೆ ಮಸಿಯ ಉಂಡೆಯಿಂದ ಮೆಲ್ಲಗೆ ತಟ್ಟಿದರೆ ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಬಡಿತ ಜೋರಾದರೆ ಕಾಗದ ಹರಿಯುತ್ತದೆ, ಮಸಿ ನೀರಾದರೆ ಅಕ್ಷರದೊಳಗೆ ಇಳಿದು ಎಲ್ಲ ಕಪ್ಪಾಗುತ್ತದೆ. ಸವೆದ ಕಲ್ಲಿನಲ್ಲಿ ಪಕಾರ, ವಕಾರ, ಷಕಾರಗಳು ಒಂದರಂತೆ ಇನ್ನೊಂದು ಕಾಣುತ್ತವೆ. ರಾಜನ ಹೆಸರನ್ನು ಶ್ಲೋಕದ ಛಂದಸ್ಸು ಕಾಪಾಡಿಬಿಡುತ್ತದೆ, ಕೆಟ್ಟರೆ ಕೆಡುವುದು ಹೊಲದ ಹೆಸರು, ಒಕ್ಕಲಿನ ಹೆಸರು.

ಆ ಶಾಸನಗಳು ಹೇಳಿದ್ದೇನು? ಇಂದಿನ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸುತ್ತಿನ ನಾಡು ಆಗ ಕೂಂಡಿ ಮೂರು ಸಾವಿರ ಎಂಬ ಪ್ರಾಂತದಲ್ಲಿತ್ತು. ಆಳುತ್ತಿದ್ದವರು ರಟ್ಟರು. ಮೊದಲು ರಾಷ್ಟ್ರಕೂಟರ, ಆಮೇಲೆ ಕಲ್ಯಾಣದ ಚಾಲುಕ್ಯರ ಕೈಕೆಳಗಿದ್ದು, ಚಾಲುಕ್ಯರ ಬಲ ಕುಂದಿದಾಗ ತಾವೇ ದೊರೆಗಳಾದವರು. ಅವರ ಹಳೆಯ ರಾಜಧಾನಿ ಸುಗಂಧವರ್ತಿ, ಅಂದರೆ ಸವದತ್ತಿ. ನಂತರದ್ದು ವೇಣುಗ್ರಾಮ, ಅಂದರೆ ಬೆಳಗಾವಿ. ಕೊಣ್ಣೂರಿನ ಕಲ್ಲಿನಲ್ಲಿ ಎರಡು ಕಾಲದ ದತ್ತಿಗಳಿವೆ, ಒಂದು 1087ರದು, ಇನ್ನೊಂದು 1121ರದು. ಊರಿನ ಹೆಸರು ಅಲ್ಲಿ ಕೊಂಡನೂರು. ಬಸದಿ ಕಟ್ಟಿಸಿದವನು ನಿಧಿಯಮ ಗಾಮುಂಡ, ಅಂದರೆ ಊರ ಗೌಡ. ಕಲ್ಲೋಳಿಯಲ್ಲಿ ಶಾಂತಿನಾಥ ಬಸದಿ ಕಟ್ಟಿಸಿದವನು ಕುರುಂಬೆಟ್ಟ ಕಂಪಣದ ಅಧಿಪತಿ ರಾಜರಸ. ಅದಕ್ಕೆ ದತ್ತಿ ಬಿಟ್ಟವನು ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯ, ದತ್ತಿ ಪಡೆದವರು ಶುಭಚಂದ್ರ ಭಟ್ಟಾರಕರು. ಗೌಡ ಕಟ್ಟುತ್ತಾನೆ, ದೊರೆ ಭೂಮಿ ಬಿಡುತ್ತಾನೆ, ಗುರು ನಡೆಸುತ್ತಾನೆ. ಸೀಮೆಯ ರಾಜಕೀಯವೆಲ್ಲ ಈ ಮೂವರ ನಡುವಿನ ಕೊಡುಕೊಳ್ಳುವಿಕೆಯಲ್ಲಿದೆ. ನೇಗಿಲು ಹಿಡಿದವನು ಶಾಸನದಲ್ಲಿ ಬರುವುದು ಹೊಲದ ಎಲ್ಲೆ ಹೇಳುವಾಗ, ಅದೂ ಬಂದರೆ.

ಕಲ್ಲೋಳಿಯ ದತ್ತಿ ನಡೆದ ಆ ಶನಿವಾರವೇ ಬೆಳಗಾವಿಯಲ್ಲಿಯೂ ಕಾರ್ತವೀರ್ಯನ ದತ್ತಿಗಳು ನಡೆದವು. ಅವನ ಮಂತ್ರಿ ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಬಿಟ್ಟ ದತ್ತಿಗಳು ಅವು. ಅವನ್ನು ಹೇಳುವ ಎರಡು ಕಲ್ಲುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಲಯೊನೆಲ್ ಬಾರ್ನೆಟ್ ಅವನ್ನು ಅಲ್ಲಿಯೇ ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ ಹದಿಮೂರನೆಯ ಸಂಪುಟದಲ್ಲಿ ಪ್ರಕಟಿಸಿದ. ಲಾಳದವರು, ಮಲೆಯಾಳದವರು ಸೇರಿ ಬೆಳಗಾವಿಯ ಪೇಟೆಯಲ್ಲಿ ವ್ಯಾಪಾರ ಮಾಡುತ್ತಿದ್ದವರ ಪಟ್ಟಿ, ಯಾವ ಸರಕಿನಿಂದ ಬಸದಿಗೆ ಎಷ್ಟು ಸುಂಕ ಎಂಬ ವಿವರ ಆ ಕಲ್ಲುಗಳಲ್ಲಿದೆ. ಹದಿಮೂರನೆಯ ಶತಮಾನದ ಆರಂಭದಲ್ಲಿ ಗುಜರಾತಿನ, ಕೇರಳದ ವರ್ತಕರು ಈ ಸೀಮೆಯ ಸಂತೆಗೆ ಬರುತ್ತಿದ್ದರು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇರೆ ಬೇಡ. ಅದೇ ದೊರೆಯ ಅದೇ ದಿನದ ಮಾತು ಒಂದು ಘಟಪ್ರಭೆಯ ಸೀಮೆಯ ಹಳ್ಳಿಯಲ್ಲಿ, ಇನ್ನೊಂದು ಥೇಮ್ಸ್ ನದಿಯ ಊರಿನಲ್ಲಿ.

ಫ್ಲೀಟನ ‘ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ರಾಜವಂಶಗಳು’ ಪುಸ್ತಕ 1882ರಲ್ಲಿ ಬಂದಿತು, ಮುಂದೆ ಹಿಗ್ಗಿ ಮುಂಬಯಿ ಗೆಜೆಟಿಯರಿನಲ್ಲಿ ಸೇರಿತು. ಇಂದಿಗೂ ಕದಂಬ, ಚಾಲುಕ್ಯ, ರಾಷ್ಟ್ರಕೂಟ ಎಂದು ವಂಶದ ಮೇಲೆ ವಂಶ ಜೋಡಿಸುವ ಪಠ್ಯಪುಸ್ತಕಗಳ ಅಸ್ತಿಭಾರ ಅದೇ. ಅದರ ಬಲವೂ ಮಿತಿಯೂ ಒಂದೇ ಕಡೆ ಇವೆ. ದೊರೆಗಳ ಸಾಲು ಅದರಲ್ಲಿ ಭದ್ರ, ಊರಿನ ಬಾಳು ತೆಳು. ಕಂದಾಯದ ಅಧಿಕಾರಿಗೆ ಬೇಕಾದ ಪ್ರಶ್ನೆ, ಈ ಭೂಮಿಯನ್ನು ಯಾರು ಯಾರಿಗೆ ಬಿಟ್ಟರು ಎಂಬುದು. ಶಾಸನವೂ ಅದಕ್ಕೇ ಉತ್ತರ ಕೊಡುತ್ತದೆ. ಪ್ರಾಚ್ಯವಿದ್ಯೆಯ ಹಿಂದೆ ಆಳುವವರ ಅಗತ್ಯವಿತ್ತು ಎಂದು ಎಡ್ವರ್ಡ್ ಸೈದ್ 1978ರ ‘ಓರಿಯೆಂಟಲಿಸಂ’ ಪುಸ್ತಕದಲ್ಲಿ ವಾದಿಸಿದರು. ಫ್ಲೀಟನ ವಿಷಯದಲ್ಲಿ ಆ ಮಾತು ಅರ್ಧ ಹೊಂದುತ್ತದೆ. ಉಳಿದ ಅರ್ಧಕ್ಕೆ ಅವನು ಕೂಡಿಸಿದ ಲಾವಣಿಗಳೇ ಅಡ್ಡ ನಿಲ್ಲುತ್ತವೆ. ಅವುಗಳ ಮಾತು ಮುಂದೆ ಬರುತ್ತದೆ.

ಕಲ್ಲಿಗಿಂತ ಹಳೆಯ ಒಂದು ತಾಮ್ರಪಟವೂ ಗೋಕಾಕದ ಹೆಸರನ್ನು ಹೊತ್ತಿದೆ. ರಾಷ್ಟ್ರಕೂಟ ಕುಲದ ದೇಜ್ಜ ಮಹಾರಾಜನ ಕೈಕೆಳಗಿದ್ದ ಸೇಂದ್ರಕ ವಂಶದ ಇಂದ್ರಾಣಂದ ಎಂಬವನು ಜೈನ ಪೂಜೆಗೆ ಐವತ್ತು ನಿವರ್ತನ ಭೂಮಿ ಬಿಟ್ಟ ದಾಖಲೆ ಅದು. ಎನ್. ಲಕ್ಷ್ಮೀನಾರಾಯಣ ರಾವ್ ಅದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಇಪ್ಪತ್ತೊಂದನೆಯ ಸಂಪುಟದಲ್ಲಿ ಸಂಪಾದಿಸಿದರು. ಅದರ ವರ್ಷ ‘ಆಗುಪ್ತಾಯಿಕ’ ಅರಸರ 845. ಈ ಶಕೆ ಯಾರದು, ಎಲ್ಲಿಂದ ಎಣಿಸಬೇಕು ಎಂಬುದರ ಮೇಲೆ ವಿದ್ವಾಂಸರು ಬಹಳ ತಲೆ ಕೆಡಿಸಿಕೊಂಡರು. ಕೊನೆಗೆ ಲಿಪಿಯ ಆಕಾರವನ್ನೇ ನಂಬಿ ಆರು, ಏಳನೆಯ ಶತಮಾನದ ಸುಮಾರಿಗೆ ಇಟ್ಟರು. ಮಾನ್ಯಖೇಟದ ರಾಷ್ಟ್ರಕೂಟರು ತಲೆ ಎತ್ತುವ ಮೊದಲೇ ಅದೇ ಹೆಸರಿನ ಒಂದು ಮನೆತನ ಈ ಭಾಗದಲ್ಲಿತ್ತು ಎನ್ನಲು ಈ ಪಟ ಆಧಾರ. ಕೊಣ್ಣೂರಿನ ಸುತ್ತ ಬಂಡೆಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ ಬೃಹತ್ ಶಿಲಾ ಸಮಾಧಿಗಳೂ ಇವೆ. ಅವಕ್ಕೆ ಅಕ್ಷರವೇ ಇಲ್ಲ.

ಹುಕ್ಕೇರಿಗೆ ಬಂದರೆ ಶಾಸನತಜ್ಞನ ಕೈ ಕಟ್ಟಿಹೋಗುತ್ತದೆ. ಊರಿನ ಗುರುತಾದ ದೊಡ್ಡ ಗುಮ್ಮಟಗಳು ಹದಿನಾರನೆಯ ಶತಮಾನದ ಆದಿಲಶಾಹಿ ಸರದಾರರ ಗೋರಿಗಳು. ಅವರ ಕತೆ ಕನ್ನಡದಲ್ಲಿ ಅಲ್ಲ, ಪಾರಸಿಯಲ್ಲಿದೆ. ಎರಡನೆಯ ಇಬ್ರಾಹಿಂ ಆದಿಲಶಹನ ವಿಜಾಪುರದ ಆಸ್ಥಾನದಲ್ಲಿ ಕುಳಿತು ಫೆರಿಷ್ತಾ ಬರೆದ ಚರಿತ್ರೆಯನ್ನು ಜಾನ್ ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿಗೆ ತಂದ. ಇಬ್ರಾಹಿಮನ ತಮ್ಮ ಇಸ್ಮಾಯಿಲ್ ಬೆಳಗಾವಿ ಕೋಟೆಯಲ್ಲಿ ಬಂಡೆದ್ದಾಗ ಅವನ ಬೆನ್ನಿಗೆ ನಿಂತು ಪ್ರಾಣ ಕಳೆದುಕೊಂಡ ಐನುಲ್ ಮುಲ್ಕ್ ಎಂಬ ಸರದಾರನ ಜಹಗೀರು ಹುಕ್ಕೇರಿ. ಊರಿನವರು ಹೇಳುವ ಚರಿತ್ರೆ ಬೇರೆ: ವಿಜಾಪುರದ ಅರಮನೆಗೆ ಇಲ್ಲಿಂದ ಗುಲಾಬಿ ಹೋಗುತ್ತಿತ್ತು, ಹೂವಿನ ಕೇರಿಯೇ ಹುಕ್ಕೇರಿಯಾಯಿತು. ಭಾಷಾಶಾಸ್ತ್ರ ಈ ನಿಷ್ಪತ್ತಿಗೆ ತಲೆದೂಗಲಿ, ಬಿಡಲಿ, ಜನರ ನೆನಪಿನಲ್ಲಿ ಆದಿಲಶಾಹಿ ಉಳಿದದ್ದು ಕತ್ತಿಯ ಮೂಲಕವಲ್ಲ, ಹೂವಿನ ಮೂಲಕ. ಹದಿನೆಂಟನೆಯ ಶತಮಾನಕ್ಕೆ ಬಂದರೆ ಮತ್ತೊಂದು ಲಿಪಿ ಎದುರಾಗುತ್ತದೆ. ಪೇಶ್ವೆಯರ ಕಾಲದ ಕಾಗದಪತ್ರಗಳು ಮೋಡಿ ಲಿಪಿಯ ಮರಾಠಿಯಲ್ಲಿ, ಪುಣೆಯ ದಫ್ತರಿನಲ್ಲಿವೆ.

ಇಲ್ಲೇ ಈ ಸೀಮೆಯ ಅಧ್ಯಯನದ ತೊಡಕು ಇರುವುದು. ತಾಮ್ರಪಟಕ್ಕೆ ಸಂಸ್ಕೃತ, ಕಲ್ಲಿಗೆ ಹಳಗನ್ನಡ, ಗೋರಿಗೆ ಪಾರಸಿ, ದಫ್ತರಿಗೆ ಮೋಡಿ, ಗೆಜೆಟಿಯರಿಗೆ ಇಂಗ್ಲಿಷ್. ಈ ಐದನ್ನೂ ಬಲ್ಲ ಒಬ್ಬ ವಿದ್ವಾಂಸ ಸಿಗುವುದು ಅಪರೂಪ. ಹೀಗಾಗಿ ಯಾರು ಯಾವ ಭಾಷೆ ಬಲ್ಲರೋ ಅವರಿಗೆ ಆ ಗೋಕಾಕ, ಆ ಹುಕ್ಕೇರಿ ಕಂಡಿತು. ಹಳೇ ಮೈಸೂರಿಗೆ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಾಲ್ಲೂಕುವಾರು ಶಾಸನಗಳನ್ನು ಜೋಡಿಸಿಕೊಟ್ಟ. ಮುಂಬಯಿ ಇಲಾಖೆಗೆ ಸೇರಿದ್ದ ಬೆಳಗಾವಿಗೆ ಆ ಭಾಗ್ಯವಿರಲಿಲ್ಲ. ಅದರ ಕಲ್ಲುಗಳು ಮೂರು, ನಾಲ್ಕು ಪತ್ರಿಕೆಗಳಲ್ಲಿ, ಆಮೇಲೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ ಬಾಂಬೆ ಕರ್ನಾಟಕ ಸಂಪುಟಗಳಲ್ಲಿ ಚದುರಿಹೋದವು. ಮೈಸೂರು ಕಡೆಯ ಊರಿನ ಹುಡುಗ ತನ್ನೂರ ಶಾಸನವನ್ನು ಒಂದೇ ಸಂಪುಟದಲ್ಲಿ ಹುಡುಕಬಲ್ಲ. ಗೋಕಾಕದ ಹುಡುಗ ಅರ್ಧ ಗ್ರಂಥಾಲಯ ತಿರುವಬೇಕು.

ಈ ಕೊರತೆ ತುಂಬಲು ಹೊರಟ ಸಂಸ್ಥೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ. ಮುಂಬಯಿ ಸರಕಾರ 1939ರಲ್ಲಿ ಸ್ಥಾಪಿಸಿತು, ಆರ್.ಎಸ್. ಪಂಚಮುಖಿ ಅದರ ನಿರ್ದೇಶಕರು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಅಂಗವಾಯಿತು. ಪಿ.ಬಿ. ದೇಸಾಯಿ 1957ರಲ್ಲಿ ದಕ್ಷಿಣ ಭಾರತದ ಜೈನಧರ್ಮದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ರಟ್ಟರ ಕಾಲದ ಬಸದಿಗಳು ಬಿಡಿ ಕಲ್ಲುಗಳಾಗಿರದೆ ಒಂದು ಜಾಲವಾಗಿ ಕಂಡವು. ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನ ಶಂ.ಬಾ. ಜೋಶಿಯವರದು ಬೇರೆಯೇ ದಾರಿ. 1896ರಲ್ಲಿ ಹುಟ್ಟಿ 1991ರವರೆಗೆ ಬಾಳಿದ ಅವರು ದೊರೆಗಳನ್ನು ಬದಿಗಿಟ್ಟು ಊರ ಹೆಸರು, ಕುಲದ ಹೆಸರು, ದೇವರ ಹೆಸರುಗಳನ್ನು ಕೆದಕಿದರು. ‘ಮರ್ಹಾಟೀ ಸಂಸ್ಕೃತಿ’ ಎಂಬ ಮರಾಠಿ ಗ್ರಂಥದಲ್ಲಿ ಕನ್ನಡಿಗರ ಮತ್ತು ಮರಾಠಿಗರ ಬೇರು ಹಟ್ಟಿಕಾರರೆಂಬ ಒಂದೇ ಪಶುಪಾಲಕ ಮೂಲದಲ್ಲಿದೆ ಎಂದು ವಾದಿಸಿದರು. ಅವರ ಎಲ್ಲ ನಿಷ್ಪತ್ತಿಗಳನ್ನು ಇಂದಿನ ಭಾಷಾತಜ್ಞರು ಒಪ್ಪುವುದಿಲ್ಲ. ಗಡಿಯ ಜಗಳ ಕಾವೇರುತ್ತಿದ್ದ ಕಾಲದಲ್ಲಿ ಆ ಮಾತನ್ನು ಮರಾಠಿಯಲ್ಲಿಯೇ ಬರೆದ ಧೈರ್ಯ ಮಾತ್ರ ಒಪ್ಪಬೇಕಾದ್ದು.

ಇನ್ನು ಲಾವಣಿ. 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಫ್ಲೀಟ್ ಕನ್ನಡ ಲಾವಣಿಗಳನ್ನು ಮೂಲ ಮತ್ತು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸತೊಡಗಿದ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ, ಸಂಗ್ಯಾನ ಲಾವಣಿ ಅದರಲ್ಲಿ ಸೇರಿದ್ದವು. ವರಮಾನ ತೆರಿಗೆಯ ಸಂಕಟ ಹಾಡುವ ಲಾವಣಿಯನ್ನೂ ಬಿಡಲಿಲ್ಲ. ಕುಂಪಣಿಯನ್ನು ಎದುರಿಸಿ ಗಲ್ಲಿಗೇರಿದವನ ಹಾಡನ್ನೂ, 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆನೆಂದ ಬೇಡರ ಹಾಡನ್ನೂ ಬ್ರಿಟಿಷ್ ಅಧಿಕಾರಿಯೇ ಬರೆದುಕೊಂಡು ಅಚ್ಚು ಹಾಕಿಸಿದ. ಇಂದು ಕನ್ನಡ ಪಠ್ಯಗಳಲ್ಲಿ ದೇಶಭಕ್ತಿಯ ಪಾಠವಾಗಿ ಬರುವ ಹಲಗಲಿ ಲಾವಣಿ ಬರಹದಲ್ಲಿ ಉಳಿದದ್ದು ಹೀಗೆ. ಹಾಡಿದವರ ಬಾಯಲ್ಲಿ ಅದು ಗದ್ದಲದ ನಡುವೆ, ಡಪ್ಪಿನ ಪೆಟ್ಟಿಗೆ ಹೊಂದಿ ಬರುತ್ತಿತ್ತು. ಅಚ್ಚಿನಲ್ಲಿ ಸಾಲಾಗಿ ಕುಳಿತಿತು.

ಈ ಹಾಡಿನ ಪರಂಪರೆಯ ಒಳಗಿನಿಂದಲೇ ಎದ್ದ ವಿದ್ವಾಂಸರು ಚಂದ್ರಶೇಖರ ಕಂಬಾರ. 1937ರಲ್ಲಿ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದರು, ಶಾಲೆ ಕಲಿತದ್ದು ಗೋಕಾಕದಲ್ಲಿ. ಮೂಡಲಗಿ ಸೀಮೆಯ ಕುಲಗೋಡ, ಕೌಜಲಗಿಗಳು ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟಕ್ಕೆ ಹೆಸರಾದ ಊರುಗಳು. ಕುಲಗೋಡ ತಮ್ಮಣ್ಣ ಆ ಆಟಕ್ಕೆ ರೂಪ ಕೊಟ್ಟವನೆಂದು ಹೆಸರು, ಕೌಜಲಗಿಯ ನಿಂಗಮ್ಮ ಅದರ ಪ್ರಸಿದ್ಧ ಕಲಾವಿದೆ. ರಾತ್ರಿಯಿಡೀ ನಡೆಯುವ ಬಯಲಾಟವನ್ನು ಪಂಡಿತರು ಸಾಹಿತ್ಯವೆಂದು ಎಣಿಸದಿದ್ದ ಹೊತ್ತಿನಲ್ಲಿ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ತಮ್ಮ ಪಿಎಚ್.ಡಿ. ವಿಷಯ ಮಾಡಿಕೊಂಡರು, ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು ಸಂಪಾದಿಸಿದರು. ಫ್ಲೀಟನಿಗೆ ಅಪರಾಧದ ಲಾವಣಿಯಾಗಿದ್ದ ಕತೆ ಕಂಬಾರರ ಕೈಯಲ್ಲಿ ಗೆಳೆತನ, ಸಂಶಯ, ಕೊಲೆಗಳ ನಾಟಕವಾಗಿ ಕಂಡಿತು. ಕೆಲಕಾಲ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಬಂದ ಅವರು 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. ಕನ್ನಡ ಶಾಸನಗಳನ್ನು ಸಂಪುಟವಾಗಿ ಹೊರತರುವ ಕೆಲಸ ಮುಂದೆ ಆ ವಿಶ್ವವಿದ್ಯಾಲಯದ ಪಾಲಿಗೂ ಬಂದಿತು.

ಷಿಕಾಗೋದಲ್ಲಿ ಎ.ಕೆ. ರಾಮಾನುಜನ್ ಇದ್ದರು. ಅಮೆರಿಕಕ್ಕೆ ಹೋಗುವ ಮುನ್ನ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತ ಆ ಭಾಗದ ಅಜ್ಜಿಕತೆಗಳನ್ನು ಕೂಡಿಹಾಕಿದವರು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವಿಶ್ವವಿದ್ಯಾಲಯಗಳು ಏಷ್ಯಾವನ್ನು ಪ್ರದೇಶವಾರು ಅಭ್ಯಾಸ ಮಾಡಲು ವಿಭಾಗಗಳನ್ನು ತೆರೆದ ಕಾಲವದು. ಕಲ್ಲಿನ ಜಾಗಕ್ಕೆ ಹಳ್ಳಿ ಬಂದಿತು, ಪಡಿಯಚ್ಚಿನ ಜಾಗಕ್ಕೆ ಟೇಪ್ ರೆಕಾರ್ಡರ್. ಧಾರವಾಡದ ಕಡೆಯ ಕೆ. ಈಶ್ವರನ್ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞರಾಗಿ, ಏಷ್ಯಾ ಮತ್ತು ಆಫ್ರಿಕಾ ಅಧ್ಯಯನಕ್ಕೆಂದೇ ಒಂದು ಅಂತಾರಾಷ್ಟ್ರೀಯ ಪತ್ರಿಕೆ ಆರಂಭಿಸಿದರು. 1968ರ ಅವರ ಪುಸ್ತಕದ ಹಳ್ಳಿಗೆ ಇಟ್ಟ ಮರೆಹೆಸರು ಶಿವಾಪುರ. ಕಂಬಾರರ ಕಾವ್ಯ, ಕಾದಂಬರಿಗಳ ಕಲ್ಪಿತ ಊರೂ ಶಿವಾಪುರವೇ. ಒಂದು ಸಮಾಜಶಾಸ್ತ್ರದ ಹಳ್ಳಿ, ಇನ್ನೊಂದು ಪುರಾಣದ ಹಳ್ಳಿ. ಉತ್ತರ ಕರ್ನಾಟಕದ ಓದುಗ ಎರಡರಲ್ಲೂ ತನ್ನೂರನ್ನು ಗುರುತಿಸುತ್ತಾನೆ.

ಹುಕ್ಕೇರಿಯಿಂದ ಉತ್ತರಕ್ಕೆ ಕೃಷ್ಣೆ ದಾಟಿದರೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡ. ಭಾಷೆಗಳನ್ನು ಅಭ್ಯಾಸ ಮಾಡುವವರ ನಡುವೆ ಜಗತ್ತಿನಾದ್ಯಂತ ಹೆಸರಾದ ಊರು ಇದು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಇದರ ಮೇಲೆ ಬರೆದ ಲೇಖನ ಇಂದಿಗೂ ಪಾಠದಲ್ಲಿದೆ. ಅಲ್ಲಿ ಜೈನರದೂ ಲಿಂಗಾಯತರದೂ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ದಲಿತರದು ಮರಾಠಿ. ಶತಮಾನಗಳ ಕಾಲ ಒಂದೇ ಓಣಿಯಲ್ಲಿ ಬಾಳಿದ ಈ ಮಾತುಗಳ ಶಬ್ದಗಳು ಬೇರೆಬೇರೆಯಾಗಿಯೇ ಉಳಿದವು. ವಾಕ್ಯದ ಹೆಣಿಗೆ ಮಾತ್ರ ಒಂದಾಗುತ್ತ ಬಂದಿತು, ಒಂದು ಭಾಷೆಯ ವಾಕ್ಯದ ಪದ ತೆಗೆದು ಇನ್ನೊಂದರ ಪದ ಇಟ್ಟರೆ ಸಾಕು ಎನ್ನುವಷ್ಟು. ಪುಸ್ತಕದ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂದರೆ ಮಾತು ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಕುಪವಾಡದ ಕನ್ನಡಕ್ಕೆ ಮರಾಠಿಯ ‘ಆಹೇ’ಯಂತೆ ಕೊನೆಯಲ್ಲೊಂದು ‘ಐತಿ’ ಬೇಕು. ಮನೆಮಾತು ಬೇರೆ ಇರಬೇಕು ಎಂಬ ಹಟ ಶಬ್ದದಲ್ಲಿ, ಕೂಡಿ ಬಾಳುವ ಅಗತ್ಯ ವ್ಯಾಕರಣದಲ್ಲಿ ಎಂದು ಆ ಇಬ್ಬರು ವಿವರಿಸಿದರು.

ನಲವತ್ತು ವರ್ಷಗಳ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ ಜೋಶಿ ಅದೇ ಊರಿಗೆ ಮತ್ತೆ ಹೋಗಿ ನೋಡಿದರು. ಕುಪವಾಡ ಆಗಲೇ ಸಾಂಗಲಿ, ಮೀರಜಗಳ ಜೊತೆ ಒಂದೇ ಮಹಾನಗರಪಾಲಿಕೆಗೆ ಸೇರಿತ್ತು. ಪದ ಬದಲಿಸಿದರೆ ಸಾಕು, ಒಂದು ಭಾಷೆಯ ವಾಕ್ಯ ಇನ್ನೊಂದರದಾಗುತ್ತದೆ ಎಂಬ ಹಳೆಯ ಚಿತ್ರ ಅಷ್ಟು ಸರಳವಲ್ಲವೆಂದು ಅವರು ಬರೆದರು. ಶಾಲೆ, ಕಚೇರಿ, ಪೇಟೆಗಳ ಮಾತು ಮರಾಠಿಯಾದ ಮೇಲೆ ತಕ್ಕಡಿ ಆ ಕಡೆಗೆ ವಾಲಿತ್ತು.